ಎಣಿಕೆಯ ವಾರ

ಆ ಬಸ್ಸಿಗೆ ಖಾಯಂ ಗಿರಾಕಿ ಅಂತ ಇದ್ದವಳು ಹೊಲಿಗೆಯಮ್ಮ ಒಬ್ಬಳೇ. ಪಕ್ಕದೂರಿನ ಬಟ್ಟೆ ಅಂಗಡಿಯ ಮೂಲೆಯಲ್ಲಿ ಅವಳದೊಂದು ಮಿಷನ್ನು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಇಂಥ ಕೆಲಸ. ಗಂಡ ಹೋದ ಮೇಲೆ ಮನೆಯಲ್ಲಿ ಮಾತಾಡಿಸುವವರಿಲ್ಲ. ಡ್ರೈವರಂತೂ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ಆದರೂ ಹತ್ತುವಾಗ "ಬನ್ನಿ" ಅನ್ನುತ್ತಿದ್ದ. ಅವಳ ಕಿವಿಗೆ ಬೀಳುವ ದಿನದ ಮೊದಲ ಮಾತು ಅದೇ.

ಅಂಥ ಬಸ್ಸನ್ನು ನಿಲ್ಲಿಸುವುದೆಂದು ಸಾರಿಗೆ ಸಂಸ್ಥೆ ತೀರ್ಮಾನಿಸಿದಾಗ ಅವಳ ಎದೆ ಧಸಕ್ಕೆಂದಿತು. ಬಸ್ಸಿಲ್ಲದಿದ್ದರೆ ಮಿಷನ್ನಿಲ್ಲ, ಮಿಷನ್ನಿಲ್ಲದಿದ್ದರೆ ಬರೀ ನಾಲ್ಕು ಗೋಡೆ. ಪುಣ್ಯಕ್ಕೆ ದಾರಿಯ ಮೂರೂ ಪುರಸಭೆಗಳು ಸೇರಿ ಮೇಲ್ಮನವಿ ಹಾಕಿದವು. ಜನ್ಮದಲ್ಲಿ ಆ ಬಸ್ಸು ಹತ್ತದ ಅಧ್ಯಕ್ಷರುಗಳು "ಇದು ನಮ್ಮೂರ ಮರ್ಯಾದೆ ಪ್ರಶ್ನೆ" ಎಂದು ಮೇಜು ಗುದ್ದಿದರು. ವಿಚಾರಣೆಗೆ ಕೂತವರು ಜಾಣರು. ಒಂದು ವಾರ ಪ್ರಯಾಣಿಕರನ್ನು ಎಣಿಸಿ ನೋಡೋಣ ಅಂದರು. ಪುರಸಭೆಯವರು ಅವರಪ್ಪನಂಥ ಜಾಣರು. ಆ ವಾರ ಸಿಬ್ಬಂದಿಯೆಲ್ಲ ಬಸ್ಸಿನಲ್ಲೇ ಓಡಾಡಬೇಕೆಂದು ಕಟ್ಟಪ್ಪಣೆ ಮಾಡಿದರು.

ಅಬ್ಬಬ್ಬಾ, ಏನು ಜನ! ಹೊಲಿಗೆಯಮ್ಮ ಮೊದಲ ದಿನ ತಬ್ಬಿಬ್ಬಾದಳು. ಎರಡನೇ ಸ್ಟಾಪಿನಲ್ಲಿ ಹತ್ತಿದ, ಜನನ ಮರಣ ವಿಭಾಗದ ಗುಮಾಸ್ತೆಯೊಬ್ಬಳು "ಆಂಟಿ, ಒಂಚೂರು ಸರೀತೀರಾ?" ಎಂದು ಪಕ್ಕದಲ್ಲಿ ತೂರಿಕೊಂಡಳು. ಅಷ್ಟೇ, ಇಬ್ಬರ ಮಾತು ಇಳಿಯುವವರೆಗೂ ನಿಲ್ಲಲಿಲ್ಲ. ಮರುದಿನದಿಂದ ಹೊಲಿಗೆಯಮ್ಮ ಪಕ್ಕದ ಸೀಟಿಗೆ ಕರ್ಚೀಫು ಹಾಸಿ ಕಾದಳು. ಯಾರಾದರೂ ಕೂರಲು ಬಂದರೆ "ಜನ ಇದ್ದಾರ್ರೀ, ಬರ್ತಾರೆ!" ಎಂದು ಜಗಳಕ್ಕೇ ನಿಂತಳು. ಹಾಗೆ ಜಗಳವಾಡಿ ಅವಳಿಗೆ ವರ್ಷಗಳೇ ಆಗಿದ್ದವು. ಏನು ಖುಷಿ ಅಂತೀರಿ!

ಕೊನೆಯ ದಿನ ಗುಮಾಸ್ತೆ ತನ್ನ ಕೋಟು ಕಳಚಿ ಕೊಟ್ಟಳು. "ತೋಳು ಉದ್ದ ಆಂಟಿ, ಸ್ವಲ್ಪ ಗಿಡ್ಡ ಮಾಡ್ಕೊಡಿ. ಸೋಮವಾರ ಬಸ್ಸಲ್ಲೇ ಇಸ್ಕೋತೀನಿ."

ಸೋಮವಾರ ಹೊಲಿಗೆಯಮ್ಮ ಕೋಟಿಗೆ ಇಸ್ತ್ರಿ ಹಾಕಿ, ಮಡಿಸಿ ತಂದಳು. ಬಸ್ಸಿನೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಎಲ್ಲಪ್ಪಾ ಎಲ್ಲರೂ?"

"ಎಣಿಕೆ ಮುಗೀತಲ್ಲಮ್ಮ, ಅವರವರ ಕಾರಲ್ಲಿ ಹೋದ್ರು," ಅಂದ ಡ್ರೈವರ್. "ಪುರಸಭೆಯವರು ಗೆದ್ರಂತೆ. ಇನ್ನು ಬಸ್ಸು ನಿಲ್ಲಲ್ಲ."

ಅವಳು ಕುಣಿದಾಡಬೇಕಿತ್ತು. ಆದರೆ ಬಸ್ಸಿಲ್ಲದೆ ಮನೆಯಲ್ಲಿ ಕೂತಿದ್ದರೂ ಇಷ್ಟು ಒಂಟಿ ಅನ್ನಿಸುತ್ತಿರಲಿಲ್ಲವೇನೋ. ತನ್ನ ಜಾಗದಲ್ಲಿ ಕೂತು, ಕೋಟನ್ನು ಪಕ್ಕದ ಸೀಟಿನ ಮೇಲೆ ಹಾಸಿದಳು.

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಇಡೀ ಬಸ್ಸೇ ಖಾಲಿ ಇದೆ, ಸೀಟು ಯಾಕಮ್ಮ ಹಿಡೀತೀರಾ?"

"ಜನ ಇದ್ದಾರಪ್ಪ, ಬರ್ತಾರೆ."

ಎರಡನೇ ಸ್ಟಾಪಿನಲ್ಲಿ ಯಾರೂ ನಿಂತಿರಲಿಲ್ಲ. ಆದರೂ ಡ್ರೈವರ್ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಸ್ವಲ್ಪ ಹೊತ್ತು ಕಾದ.