ತಿಳಿನೀರಪ್ಪ ಚೆಲ್ಲಿದ ಹಸಿರು ನೀರು

ಆ ಬೆಳಿಗ್ಗೆ ತೆಳುಮೋಡ ಬಿಸಿಲನ್ನು ಸೋಸಿ ಸೋಸಿ ಕೊಡುತ್ತಿತ್ತು. ಒಣಗಾಳಿ ಮಾತ್ರ ಕೆಲಸವಿಲ್ಲದವನ ಹಾಗೆ ಬೀದಿಯುದ್ದಕ್ಕೂ ಓಡಾಡುತ್ತಿತ್ತು. ನೂಲಿಗೆ ಬಣ್ಣ ಹಾಕುವವರ ಹಿತ್ತಲಲ್ಲಿ ಗಳುಗಳ ಮೇಲೆ ಹರವಿದ್ದ ಕೆಂಪು ನೂಲಿನ ಲಡಿಗಳು ಆ ಗಾಳಿಗೆ ತೂಗುತ್ತಿದ್ದವು. ಅವುಗಳ ಕೆಳಗೆ ಮನೆಯ ಯಜಮಾನ ಕೂತು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ.

ಎರಡು ತಿಂಗಳ ಹಿಂದೆ ಗಳುವಿನ ಸಿಬಿರು ಗೀರಿ ಆದ ಗಾಯ, ಇನ್ನೂ ಬಾಯಿ ಮುಚ್ಚಿರಲಿಲ್ಲ. ಬಣ್ಣದ ನೀರಿಗೆ ಕೈ ಇಟ್ಟರೆ ಜೀವ ಹೋದ ಹಾಗೆ, ಇಡದಿದ್ದರೆ ಹೊಟ್ಟೆಪಾಡು ಹೋದ ಹಾಗೆ. ಈ ಕೈ ಬಿದ್ದರೆ ಬಣ್ಣದ ಬಾನಿಗಳನ್ನು ಬೋರಲು ಹಾಕಿ ಕೂರಬೇಕಾಗುತ್ತದಲ್ಲ ಎಂಬ ಹೆದರಿಕೆ ಅವನ ಎದೆಯಲ್ಲಿ ಗೂಡು ಕಟ್ಟಿತ್ತು.

ಬೀದಿಯವರು ಅವನನ್ನು ತಿಳಿನೀರಪ್ಪ ಎಂದು ಕರೆಯುತ್ತಿದ್ದರು. ಬಣ್ಣ ಹಾಕಿದ ನೂಲನ್ನು ಅವನು ಜಾಲಿಸುತ್ತಿದ್ದ ರೀತಿಯೇ ಹಾಗೆ. ಮೂರು ನೀರು, ಐದು ನೀರು, ಏಳು ನೀರು. ಕೊನೆಯ ನೀರು ಕಣ್ಣೀರಿನಷ್ಟು ತಿಳಿಯಾಗುವ ತನಕ ಲಡಿ ಎತ್ತುತ್ತಿರಲಿಲ್ಲ. ಅದರಿಂದ ಒಳ್ಳೆಯ ಹೆಸರು ಬಂತು. ಆದರೆ ಆ ನಿಯಮ ಬಾನಿಯ ಹತ್ತಿರವೇ ನಿಲ್ಲದೆ ಅಡುಗೆಮನೆಗೂ ಕಾಲಿಟ್ಟಿತ್ತು.

ನೂಲು ಒಯ್ಯಲು ಬಂದ ನೇಕಾರ, ಹಳೆಯ ಗೆಳೆಯ, ಕೈ ನೋಡಿ ಗಾಬರಿಯಾದ. "ಏನಯ್ಯಾ ಇದು, ಇನ್ನೂ ಹಸಿ ಗಾಯ!"

"ಇನ್ನೇನಾಗುತ್ತೆ? ನೂಲು ಕುದಿಸೋಕೆ ಸೋಡಾ ಹಾಕೋಳು ನಮ್ಮ ಸೊಸೆ. ಅವಳ ಕೈಗೆ ಅಳತೆ ಅನ್ನೋದಿಲ್ಲ. ಸುರೀತಾಳೆ. ನನ್ನ ಕೈ ಸುಡುತ್ತೆ."

ಸೊಸೆ ನಾಲ್ಕು ಮಾರು ದೂರದಲ್ಲೇ ಬಾನಿ ಕದಡುತ್ತಿದ್ದಳು. ಕದಡುವ ಸದ್ದು ನಿಂತಿತು.

"ಅವಳ ಕೈಯೂ ಅದೇ ನೀರಲ್ಲಿರುತ್ತಲ್ಲೋ. ಅದಕ್ಕೇನೂ ಆಗಿಲ್ಲವಲ್ಲ?" ಎಂದ ನೇಕಾರ.

"ಎಳೇ ಕೈ ಅದು, ತಡೆಯುತ್ತೆ. ಏನಮ್ಮಾ, ನಾಳೆಯಿಂದ ನೀನು ಬಾನಿ ಹತ್ತಿರ ಬರೋದು ಬೇಡ."

"ಆಗಲಿ ಮಾವ," ಎಂದಳು ಅವಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಐದು ವರ್ಷ ಒಂದು ಲಡಿಯನ್ನೂ ಕೆಡಿಸದ ಹೆಣ್ಣು. ಬಾನಿಯ ನೀರು ಇನ್ನೂ ಸುತ್ತುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬೀದಿ ಸುತ್ತುತ್ತ ಬಂದಳು. ಗಾಯವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು: "ಯಜಮಾನ್ರೇ, ಹಲ್ಲುಜ್ಜುವಾಗ ವಸಡಿಂದ ರಕ್ತ ಬರುತ್ತಾ?"

"ಬರುತ್ತೆ. ನಿಮಗೆ ಯಾರು ಹೇಳಿದ್ರು?"

"ನಿಮ್ಮ ಗಾಯವೇ ಚಾಡಿ ಹೇಳ್ತಿದೆ. ಹಣ್ಣು, ನಿಂಬೆ ತಿಂತೀರಾ?"

"ರಾಮ ರಾಮ! ಹುಳಿ ತಿಂದ್ರೆ ಗಾಯ ಕೀವಾಗಲ್ವಾ? ಹೋದ ವರ್ಷ ಕೈಗೆ ಇನ್ನೊಂದು ಪೆಟ್ಟಾದಾಗಲೇ ಹಣ್ಣು, ಹುಳಿ ಎಲ್ಲಾ ಬಿಟ್ಟೆ. ಸೊಪ್ಪು ಮಾತ್ರ ದಿನಾ ತಿಂತೀನಿ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಬೇಯಿಸಿದ ಸೊಪ್ಪನ್ನು ಹಿಂಡಿ, ಗಾಢ ಹಸಿರು ನೀರನ್ನು ಮೋರಿಗೆ ಬಗ್ಗಿಸಿದಳು.

"ಅಮ್ಮಾ, ತಡೀರಿ! ಅದ್ಯಾಕೆ ಚೆಲ್ತೀರಿ?"

"ಇದು ಮೊದಲನೇ ನೀರು ಕಣಮ್ಮಾ. ಇನ್ನೂ ಎರಡು ಸಲ ಕುದಿಸಿ ಹಿಂಡ್ಬೇಕು. ನೀರು ತಿಳಿಯಾಗದೆ ನಮ್ಮವರು ತಟ್ಟೆ ಮುಟ್ಟಲ್ಲ. ನಾನು, ಸೊಸೆ ಹೇಗೋ ಸೀಬೆಹಣ್ಣು ತಿಂದ್ಕೊಂಡು ಬದುಕಿದ್ದೀವಿ. ಇವರನ್ನ ಕಟ್ಕೊಂಡ ಮೇಲೆ ಸೊಪ್ಪಿನ ಜೊತೆ ನಾನೂ ಹಿಂಡಿ ಹೋದೆ."

ತಿಳಿನೀರಪ್ಪನಿಗೆ ರೇಗಿತು. "ಬಣ್ಣ ಬಿಡೋ ನೀರು ಅಂದ್ರೆ ಕೊಳೆ. ಮೂವತ್ತು ವರ್ಷದಿಂದ ಜಾಲಿಸ್ತಿರೋ ನನಗೆ ಹೇಳಿಕೊಡ್ತೀರಾ?"

ನರ್ಸಮ್ಮ ನಕ್ಕು ಜಗಲಿಯ ಮೇಲೆ ಕೂತಳು. "ನೂಲಿಗೆ ಬಣ್ಣ ಹಾಕೋದು ಯಾರು?"

"ನಾನು."

"ಹಿಡಿಯದೆ ಉಳಿದ ಬಣ್ಣ ಹೋಗ್ಲೇಬೇಕು, ಸರಿ. ಸೊಪ್ಪಿಗೆ ಬಣ್ಣ ಹಾಕಿದ್ದು ಯಾರು?"

ಅವನ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು.

"ಆ ಮೇಲಿನವನು ಹಾಕಿದ್ದು ಹೆಚ್ಚಾಯ್ತು ಅಂತ ನೀವು ಹಿಂಡ್ತಾ ಇದ್ದೀರಾ?"

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ನೇಕಾರನಿದ್ದಿದ್ದರೆ ಜೋರಾಗಿಯೇ ನಗುತ್ತಿದ್ದ.

"ಆ ಹಸಿರೇ ವಿಟಮಿನ್ ಅಲ್ಲ," ಎಂದಳು ನರ್ಸಮ್ಮ. "ಅದರ ಜೊತೆ ಕಣ್ಣಿಗೆ ಕಾಣದ್ದೂ ನೀರಲ್ಲಿ ಕರಗಿ ಹೋಗುತ್ತೆ. ಅದು ವಿಟಮಿನ್. ನೀವು ಕೆಂಪು ಬಣ್ಣಕ್ಕೆ ಮೊದಲು ಏನು ಹಾಕ್ತೀರಿ?"

"ಪಟಿಕ. ಸ್ವಲ್ಪವೇ."

"ಪಟಿಕ ನೂಲೂ ಅಲ್ಲ, ಬಣ್ಣವೂ ಅಲ್ಲ. ಅದಿಲ್ಲದಿದ್ರೆ?"

"ಬಣ್ಣ ಕಚ್ಚಿಕೊಳ್ಳಲ್ಲ. ಎಷ್ಟು ಸುರಿದ್ರೂ ದಂಡ."

"ವಿಟಮಿನ್ನೂ ಹಾಗೇ. ಅದರಿಂದ ಹೊಟ್ಟೆ ತುಂಬಲ್ಲ, ಮಾಂಸ ಬೆಳೆಯಲ್ಲ. ಬೇಕಾಗಿರೋದು ಚಿಟಿಕೆಗಿಂತ ಕಮ್ಮಿ. ಆದ್ರೆ ಅದಿಲ್ಲದೆ ಉಂಡ ಊಟ ಮೈಗೆ ಹತ್ತಲ್ಲ. ಬಿ ಗುಂಪಿನವು ಊಟದಿಂದ ಶಕ್ತಿ ತೆಗೆಯೋಕೆ, ನರಗಳಿಗೆ. ಎ ಕಣ್ಣಿಗೆ. ಡಿ ಮೂಳೆಗೆ, ಅದನ್ನ ಬಿಸಿಲಿಗೆ ಮೈಯೊಡ್ಡಿದ್ರೆ ಚರ್ಮವೇ ತಯಾರಿಸುತ್ತೆ. ಇನ್ನು ಸಿ ಇದೆಯಲ್ಲ, ಹರಿದ ಚರ್ಮಾನ ಮತ್ತೆ ಹೆಣೆಯೋಕೆ ಅದು ಬೇಕೇ ಬೇಕು. ನಿಮ್ಮ ಮೈಯಲ್ಲಿ ನೇಕಾರ ಇದ್ದಾನೆ ಯಜಮಾನ್ರೇ, ನೂಲಿಲ್ಲದೆ ಕೈಕಟ್ಟಿ ಕೂತಿದ್ದಾನೆ."

"ಸೊಪ್ಪು ತಿಂತೀನಲ್ಲಮ್ಮಾ!"

"ನೀವು ತಿನ್ನೋದು ಸಿಪ್ಪೆ. ಬಿ, ಸಿ ನೀರಲ್ಲಿ ಕರಗ್ತವೆ. ಸಿ ಅಂತೂ ಬಹಳ ಹೊತ್ತು ಕುದಿಸಿದ್ರೂ ಹಾಳು. ಅದನ್ನ ಮೈ ಹೆಚ್ಚು ದಿನ ಕೂಡಿಡಲ್ಲ, ಅದಕ್ಕೇ ದಿನಾ ತಿನ್ಬೇಕು. ಹಣ್ಣಲ್ಲಾದ್ರೂ ಸಿಗ್ತಿತ್ತು, ಅದನ್ನೂ ಬಿಟ್ರಿ. ಹುಳಿಯಿಂದ ಕೀವಾಗಲ್ಲ, ಗಾಯಕ್ಕೆ ಮಣ್ಣು, ಕೊಳಕು ನೀರು ತಾಗಿದ್ರೆ ಆಗುತ್ತೆ."

ಅವನು ಎಡಗೈ ಚಾಚಿದ. "ಹಾಗಾದ್ರೆ ಒಂದು ಡಬ್ಬಿ ಗುಳಿಗೆ ಕೊಡಿ. ಒಂದೇ ಸಲ ನುಂಗಿ ಬಾಕಿ ತೀರಿಸಿಬಿಡ್ತೀನಿ."

"ಪಟಿಕ ಜಾಸ್ತಿ ಸುರಿದ್ರೆ?"

"ನೂಲು ಒರಟಾಗುತ್ತೆ," ಎಂದವನು ತಾನೇ ನಾಲಿಗೆ ಕಚ್ಚಿಕೊಂಡ.

"ನೋಡಿ, ನಿಮಗೆಲ್ಲಾ ಗೊತ್ತು. ಎ, ಡಿ ಥರದವು ಎಣ್ಣೆ-ಕೊಬ್ಬಲ್ಲಿ ಕರಗಿ ಮೈಯಲ್ಲೇ ಉಳೀತವೆ. ಗುಳಿಗೆ ಮಿತಿ ಮೀರಿದ್ರೆ ವಿಷ. ಮೊದಲು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ರೂ ಗಾಯ ಮಾಯಲ್ಲ, ಅದನ್ನೂ ನೋಡಿಸ್ಬೇಕು."

ಅವಳು ಹೋದ ಮೇಲೆ ತಿಳಿನೀರಪ್ಪ ಮೋರಿಯ ಪಕ್ಕದಲ್ಲೇ ಕೂತ. ಹಸಿರು ನೀರು ಕಲ್ಲಿನ ಸಂದಿಯಲ್ಲಿ ಇನ್ನೂ ಸ್ವಲ್ಪ ನಿಂತಿತ್ತು. ಎಲೆಯೊಳಗೆ ಬಚ್ಚಿಟ್ಟು ಮೇಲಿನವನು ಕಳಿಸಿದ ಪ್ರಸಾದವನ್ನು ಕೊಳೆ ಎಂದು ಮೋರಿಗೆ ಉಣಿಸಿದೆನಲ್ಲ ಎಂದುಕೊಂಡ. ಆಮೇಲೆ ಸೊಸೆಯ ಮೇಲೆ ಹೊರಿಸಿದ ಸೋಡಾದ ಮಾತು ನೆನಪಾಯಿತು. ಅದು ಗಾಯಕ್ಕಿಂತ ಹೆಚ್ಚು ಉರಿಯಿತು. ಒಳಗೆ ಸೊಸೆ ಪಾತ್ರೆ ತಿಕ್ಕುತ್ತಿದ್ದಳು. ಎದ್ದು ಹೋಗಿ ಮಾತಾಡಲು ಅವನಿಗೆ ಬಾಯಿ ಬರಲಿಲ್ಲ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ. ಸಿ ವಿಟಮಿನ್ ಬಹಳ ಕಮ್ಮಿಯಾಗಿದೆ ಎಂದು ಅಳತೆ ಹೇಳಿ ಗುಳಿಗೆ ಕೊಟ್ಟರು. ಗಾಯ ಒಣಗುವ ತನಕ ಬಾನಿಗೆ ಕೈ ಹಾಕಕೂಡದು, ಆಮೇಲೂ ರಬ್ಬರ್ ಕೈಗವಸು ಬೇಕು ಎಂದರು. ಮನೆಯಲ್ಲಿ ಸೊಪ್ಪು ಮುಚ್ಚಳದ ಕೆಳಗೆ ಒಂದೇ ನೀರಲ್ಲಿ ಬೇಯತೊಡಗಿತು. ಮೊದಲ ದಿನ ಹಸಿರು ನೀರಿನ ಬಟ್ಟಲನ್ನು ಅವನು ಔಷಧಿಯ ಹಾಗೆ ಕಣ್ಣು ಮುಚ್ಚಿ ಕುಡಿದ. ನಾಲ್ಕನೆಯ ದಿನ, "ಇನ್ನೊಂದು ಸ್ವಲ್ಪ ಇದೆಯೇನೇ?" ಎಂದ. ಎರಡು ವಾರಕ್ಕೆ ವಸಡಿನ ರಕ್ತ ನಿಂತಿತು. ಒಂದೂವರೆ ತಿಂಗಳಿಗೆ ಗಾಯದ ಜಾಗದಲ್ಲಿ ತೆಳುಗುಲಾಬಿ ಚರ್ಮ ಬಂತು.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಮನೆಯ ಮೋರಿಯನ್ನೂ ಒಮ್ಮೆ ನೋಡಿಕೊಳ್ಳಿ. ಸೊಪ್ಪು ತರಕಾರಿಯನ್ನು ಹೆಚ್ಚುವ ಮೊದಲೇ ಚೆನ್ನಾಗಿ ತೊಳೆಯಿರಿ, ಹೆಚ್ಚಿದ ಮೇಲೆ ನೆನೆಹಾಕಬೇಡಿ. ಸ್ವಲ್ಪ ನೀರಲ್ಲಿ ಮುಚ್ಚಿ ಬೇಯಿಸಿ. ಬೇಯಿಸಿದ ನೀರನ್ನು ಊಟದಲ್ಲೇ ಬಳಸಿ. ಒಂದು ಚಮಚ ಎಣ್ಣೆ ಸೇರಲಿ, ಎ ವಿಟಮಿನ್ ಮೈಗೆ ಹತ್ತುತ್ತದೆ. ದಿನಕ್ಕೊಂದು ಹಣ್ಣು, ಸೀಬೆಯೋ ನಿಂಬೆಯೋ, ಹಸಿಯಾಗಿಯೇ ಇರಲಿ. ಗುಳಿಗೆಯನ್ನು ನೀವೇ ಕೊಂಡು ನುಂಗಬೇಡಿ. ಎರಡು ವಾರ ಕಳೆದರೂ ಗಾಯ ಮಾಯದಿದ್ದರೆ, ಸೋಡಾದ ಮೇಲೋ ಮನೆಯವರ ಮೇಲೋ ತಪ್ಪು ಹೊರಿಸುತ್ತ ಕೂರದೆ ಡಾಕ್ಟರಿಗೆ ತೋರಿಸಿ.

ಗಾಯ ಮಾಯುವ ತನಕ ತಿಳಿನೀರಪ್ಪನ ಬಾನಿಗೆ ಸೋಡಾ ಹಾಕಿದ್ದು, ನೂಲು ಅದ್ದಿದ್ದು ದಿನಗೂಲಿಗೆ ಕರೆಸಿದ ಒಬ್ಬ ಆಳು. ಕೈ ಪೂರ್ತಿ ವಾಸಿಯಾದ ಮೇಲೆ ನೇಕಾರ ನೂಲಿಗೆ ಬಂದಾಗ ತಿಳಿನೀರಪ್ಪ ಲಡಿ ಎಣಿಸುವುದನ್ನು ನಿಲ್ಲಿಸಿ ಒಳಗಿದ್ದ ಸೊಸೆಯನ್ನು ಕರೆದ: "ಅಮ್ಮಾ, ಸ್ವಲ್ಪ ಬಾ ಇಲ್ಲಿ."

ಸೊಸೆ ಬಾಗಿಲಿಗೆ ಬಂದು ನಿಂತಳು.

"ಆವತ್ತು ನಿನ್ನ ಮುಂದೆ ಇವಳ ಮೇಲೆ ಒಂದು ಮಾತು ಆಡಿದ್ದೆ," ಎಂದು ನೇಕಾರನಿಗೆ ಹೇಳಿದ, ದನಿ ಏರಿಸದೆ. "ಇವಳು ಹಾಕಿದ ಸೋಡಾ ಸರಿಯಾಗೇ ಇತ್ತು. ಅಳತೆ ತಪ್ಪಿದ್ದು ನನ್ನ ತಟ್ಟೇಲಿ. ಎಲ್ಲೆಲ್ಲಿ ಆ ಮಾತು ಹೋಗಿದೆಯೋ ಅಲ್ಲೆಲ್ಲ ಇದನ್ನೂ ಹೇಳಿಬಿಡಯ್ಯಾ."

ಆಮೇಲೆ ಅವಳ ಕಡೆ ತಿರುಗಿ, ಕಣ್ಣೆತ್ತದೆ, "ನಾಳೆಯಿಂದ ಬಾನಿ ನಿನ್ನದೇ, ತಾಯಿ," ಎಂದ.