ಸಾವಿರ ರೂಪಾಯಿಗೆ ಯಾರು ಕೇಳುತ್ತಾರೆ

ಹೊಟ್ಟು, ಭತ್ತದ ಹೊಟ್ಟು, ಮುಂದಿನ ಲಾರಿಯಿಂದ ಹಾರಿ ಬಂದು ಗಾಜಿಗೆ ತಾಗಿ ಜಾರುತ್ತಿದೆ, ತಾಡಪಾಲು ಸರಿಯಾಗಿ ಕಟ್ಟಿಲ್ಲ ಪುಣ್ಯಾತ್ಮ, ನಮ್ಮ ಗಿರಣಿಯದೇ ಇರಬೇಕು, ಶಾಮನೂರಿನಿಂದ ಹರಿಹರಕ್ಕೆ ಈ ದಾರಿಯಲ್ಲೇ ಒಯ್ಯುತ್ತಾರೆ, ಇರಲಿ, ದಾಟಿಕೋ ಉಮಾ, ಬಾತಿ ಊರು ಕಳೆದರೆ ವೇಗ ಅಳೆಯುವ ಕ್ಯಾಮೆರಾ ಕಂಬ, ಲಾರಿಯ ಮರೆಯಲ್ಲಿ ಹೋದರೆ ಅದಕ್ಕೆ ನಾನು ಕಾಣಿಸುವುದಾದರೂ ಹೇಗೆ — ಎಂಬತ್ತು, ತೊಂಬತ್ತು, ಸ್ಟೇರಿಂಗು ಸಣ್ಣಗೆ ನಡುಗುತ್ತಿದೆ, ನಾನಲ್ಲ. ಬೇರೆಯವರು ಕಂಬ ಕಂಡರೆ ಬ್ರೇಕು ತುಳಿಯುತ್ತಾರೆ, ನಾನು ಕಂಬ ಕಂಡ ಮೇಲೆ ಜೋರು ಮಾಡುವವಳು, ವಯಸ್ಸು ಐವತ್ತು ದಾಟಿದ ಮೇಲೆ ಬಂದ ಬುದ್ಧಿ ಇದು. ಮೊದಲ ಸಲ ಗೊತ್ತಿಲ್ಲದೆ ಆಯಿತು, ದೇವರಾಣೆ. ಗಾಡಿ ಇವರ ಹೆಸರಿನಲ್ಲಿದೆ, ದಂಡದ ಮೆಸೇಜು ಇವರ ಫೋನಿಗೇ ಹೋಗುವುದು, ಆವತ್ತು ಸಂಜೆಯೆಲ್ಲ ನನಗೆ ಹೆದರಿಕೆ, ಶಿವಯೋಗಪ್ಪ ಸಾಹುಕಾರರ ಹೆಂಡತಿ ಮಟಮಟ ಮಧ್ಯಾಹ್ನ ಒಬ್ಬಳೇ ಅಷ್ಟು ಜೋರಾಗಿ ಎಲ್ಲಿಗೆ ಹೊರಟಿದ್ದಳು ಎಂದು ಕೇಳಿಯೇ ಕೇಳುತ್ತಾರೆ, ಹರಿಹರೇಶ್ವರನ ಗುಡಿಗೆ ಎನ್ನಲೇ, ಹೊಳೆ ನೋಡಲಿಕ್ಕೆ ಎನ್ನಲೇ, ನಿಜ ಹೇಳಿಬಿಡಲೇ — ಮನೆಯಲ್ಲಿ ನನ್ನ ದನಿಯೇ ನನಗೆ ಮರೆತುಹೋಗುತ್ತಿದೆ, ಅದಕ್ಕೆ ಎಂದು. ಮೂರು ಉತ್ತರ ಸಿದ್ಧ ಮಾಡಿಕೊಂಡು ಕುಳಿತೆ. ಬಂದರು, ಉಂಡರು, ಮಜ್ಜಿಗೆ ಕುಡಿದರು, ಫೋನು ನೋಡುತ್ತ ಮಲಗಿದರು. ಆಮೇಲೆ ಒಂದು ದಿನ ಗಿರಣಿಯ ಗುಮಾಸ್ತ ಮಾಲತೇಶಪ್ಪ ಬಂದು, ಅಮ್ಮಾರೆ, ಗಾಡಿದು ಸಾವಿರ ದಂಡ ಬಂದಿತ್ತು, ಸಾಹುಕಾರ್ರು ನಂಗೆ ಕಳ್ಸಿದ್ರು, ಕರೆಂಟ್ ಬಿಲ್ಲಿನ ಜೊತಿಗೇ ಕಟ್ಟಿಬಿಟ್ಟೆ ರೀ ಎಂದ. ಹೆದರಿಕೆ ಹೋಯಿತು, ಅದರ ಜಾಗದಲ್ಲಿ ಅವಮಾನ ಬಂದು ಕುಳಿತಿತು. ಎರಡನೆಯ ಸಲ ಬೇಕೆಂದೇ ತುಳಿದೆ. ಆಗಲೂ ಕಟ್ಟಿದವನು ಮಾಲತೇಶಪ್ಪನೇ.

ಮದುವೆಯಾದ ಹೊಸತರಲ್ಲಿ ಇವರೇ ಅಲ್ಲವೇ ಕಲಿಸಿದ್ದು, ಹಳೆಯ ಅಂಬಾಸಿಡರು, ಹೈಸ್ಕೂಲ್ ಮೈದಾನ, ಗೇರಿನ ಮೇಲೆ ನನ್ನ ಕೈ, ನನ್ನ ಕೈಮೇಲೆ ಇವರ ಕೈ, ಮುಳ್ಳು ನಲವತ್ತಕ್ಕೆ ಬಂದರೆ ಸಾಕು, ಏ ಏ ಏ, ನಿಧಾನ ಮಾರಾಯ್ತಿ, ನನ್ನ ಜೀವ ಹೋತು! ಹಾಗೆ ಕೂಗುತ್ತಿದ್ದ ಮನುಷ್ಯನಿಗೆ ನೂರ ಹತ್ತು ಎಂದು ಪೊಲೀಸರು ಬರೆದು ಕಳಿಸಿದರೂ ಜೀವ ಹೋಗಲಿಲ್ಲ. ಮಾತು ಬಾರದವರೇನಲ್ಲ ಇವರು. ಹೋದ ಭಾನುವಾರ ಜಮಾಲ್ ಸಾಬ್ ಬಂದಿದ್ದರು, ಇವರ ಬಾಲ್ಯದ ಗೆಳೆಯ, ಶೇಂಗಾ ವ್ಯಾಪಾರದವರು, ಯಾವುದೋ ದೇಶದಲ್ಲಿ ವರಮಾನ ನೋಡಿ ದಂಡ ಹಾಕುತ್ತಾರಂತೆ ಎಂದು ಪೇಪರು ಓದಿ ಹೇಳಿದ್ದೇ ತಡ, ಪಡಸಾಲೆಯಲ್ಲಿ ಜಗಳವೇ ಜಗಳ. ಜಮಾಲ್ ಸಾಬ್, ನೋಡು ಶಿವಯೋಗಿ, ನಿಮ್ಮನಿ ಅಡಿಗಿ ಅಂಜಿನವ್ವನ ಗಂಡ ಕೆಂಚವೀರಪ್ಪ ಲಗೇಜ್ ಗಾಡಿ ಹೊಡಿತಾನೆ, ಅವನಿಗೂ ಅದೇ ಕಂಬದಾಗೆ ಸಾವಿರ ಬಿದ್ದೈತೆ, ನಿನ್ನ ಕಾರಿಗೂ ಸಾವಿರ, ನಿಂಗೆ ಅದು ಸೊಳ್ಳೆ ಕಡಿದಂಗೆ, ಅವ್ನಿಗೆ ನಾಯಿ ಕಡಿದಂಗೆ, ಇದು ನ್ಯಾಯಾನಾ, ಇನ್ಸಾಫೇನಯ್ಯ? ಇವರು, ಯಾಕಲ್ಲ? ರಸ್ತೆ ಒಂದೇ, ತಪ್ಪು ಒಂದೇ, ದಂಡನೂ ಒಂದೇ ಇರ್ಬೇಕು, ತಕ್ಕಡಿ ಏನು ಗಿರಾಕಿ ಮಕ ನೋಡಿ ತೂಗುತೈತೆ? ದುಡಿದಿದ್ದು ನನ್ನ ತಪ್ಪೇನು? ಎಷ್ಟು ಚೆಂದ ಮಾತಾಡುತ್ತಾರೆ, ಕಣ್ಣಲ್ಲಿ ಹೊಳಪು, ತೊಡೆ ತಟ್ಟಿ ತಟ್ಟಿ. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ, ನನ್ನದೇ ದಂಡದ ಮೇಲೆ ಅರ್ಧ ತಾಸು ವಾದ, ಓಡಿಸಿದವಳು ಎದುರಿಗೇ ಇದ್ದಾಳೆ, ಒಬ್ಬರಾದರೂ ಇತ್ತ ತಿರುಗಿ ಯಾಕೆ ಓಡಿಸಿದೆ ಎನ್ನಲಿಲ್ಲ, ಚಹಾ ಚಲೋ ಆಗೇತೆ ತಂಗೀ ಎಂದರು ಜಮಾಲ್ ಸಾಬ್, ಇವರು ಅದನ್ನೂ ಅನ್ನಲಿಲ್ಲ. ನಾನು ಮನಸ್ಸಿನಲ್ಲೇ ಜಮಾಲ್ ಸಾಬರ ಪರವಾಗಿ ಕೈ ಎತ್ತಿದೆ, ನ್ಯಾಯಕ್ಕಾಗಿ ಅಲ್ಲ, ಸುಳ್ಳು ಯಾಕೆ ಹೇಳಲಿ, ನನ್ನ ಸ್ವಾರ್ಥಕ್ಕೆ. ಗಿರಣಿಯ ವರಮಾನ ನೋಡಿ ಹಾಕಿದ್ದರೆ ಲಕ್ಷವೋ ಎರಡು ಲಕ್ಷವೋ ಬೀಳುತ್ತಿತ್ತು, ಆಗ ಮಾಲತೇಶಪ್ಪನಿಗೆ ಕಳಿಸಿ ಸುಮ್ಮನಾಗುತ್ತಿದ್ದರೇ? ಚಪ್ಪಲಿ ಕೂಡ ಬಿಡದೆ ಒಳಗೆ ಬರುತ್ತಿದ್ದರು, ಏನಾಗೇತೆ ನಿಂಗೆ ಎನ್ನುತ್ತಿದ್ದರು, ಬೈಯುತ್ತಿದ್ದರು. ಬೈಯಲಿ. ನನ್ನ ಕಡೆ ಮುಖ ಮಾಡಿ ಬೈಯಬೇಕಲ್ಲ.

ಅಂಜಿನವ್ವ ನಿಟ್ಟುವಳ್ಳಿಯಿಂದ ನಡೆದು ಬರುತ್ತಾಳೆ ನಮ್ಮ ಅಡುಗೆಗೆ, ಸೋಮವಾರ ರೊಟ್ಟಿ ತಟ್ಟುತ್ತ ಹೇಳಿದಳು, ಮುಖ ಬಾತಿತ್ತು, ಅತ್ತಿದ್ದಳು, ಅವ್ವಾರೆ, ರಾತ್ರಿ ಉಣ್ಣಾಕೆ ಕುಂತಾಗ ನನ್ ಗಂಡ ಇಷ್ಟು ದಿನ ಮುಚ್ಚಿಟ್ಟಿದ್ದ ದಂಡದ ಸುದ್ದಿ ಹೇಳಿದ್ನ್ರಿ, ನಂಗೆ ಸಿಟ್ಟು ಎಲ್ಲಿತ್ತೋ, ಅವನ ಮುಂದಿನ ಉಣ್ಣೋ ಗಂಗಾಳ ಕಸ್ಕಂಡೆ, ಹಂಗ್ಯಾಕ ಓಡಿಸ್ದೆ, ಸಾಯಾಕ ಹೊಂಟಿದ್ದೇನು, ನಾ ಯಾರ ಮಕ ನೋಡ್ಕಂಡು ಇರ್ಲಿ ಅಂದೆ. ಆಮೇಲೆ ಎಂದೆ ನಾನು. ಆಮೇಲೇನು, ಅವ್ನೂ ಕೂಗಾಡ್ದ, ನಮ್ಮತ್ತಿ ಎದ್ದು ಬಂತು, ಓಣಿಯೆಲ್ಲ ಕೇಳ್ತು, ಕೊನಿಗೆ ನಾನೇ ಎರಡು ರೊಟ್ಟಿ ಜಾಸ್ತಿ ಹಾಕಿ ಕೊಟ್ಟೆ ಬಿಡ್ರಿ. ಹೇಳುತ್ತ ಹೇಳುತ್ತ ನಕ್ಕಳು. ಎರಡು ದಿನದ ದುಡಿಮೆ ದಂಡಕ್ಕೆ ಹೋಯಿತು, ಪಾಪ, ಅಯ್ಯೋ ಅನ್ನಬೇಕು, ಅಂದೆ ಕೂಡ, ದುಡ್ಡು ನಾನು ಕೊಡ್ತೀನಿ ಬಿಡು ಎಂದೆ, ಬ್ಯಾಡ್ರಿ ಎಂದಳು — ಆದರೆ ಒಳಗೆ ಹೊಟ್ಟೆಕಿಚ್ಚು, ಯಾರಲ್ಲಿಯಾದರೂ ಹೇಳಿಕೊಳ್ಳುವ ಮಾತೇ ಇದು, ಸ್ಟೀಲಿನ ಗಂಗಾಳ ಹಿಂದಕ್ಕೆಳೆದ ಅವಳ ಆ ಕೈ ಕಣ್ಣಿಗೆ ಕಟ್ಟಿದೆ, ಬಳೆಗಳು ಮೊಣಕೈಗೆ ಜಾರಿರಬೇಕು, ಸಾರು ಚೆಲ್ಲಿರಬೇಕು, ಆ ಕೈ.

ನೂರ ಹದಿನೈದು, ಕಂಬ ಬಂತು, ಹೋಯಿತು — ಅಲ್ಲಿ ರಸ್ತೆ ನಡುವಿನ ಕಟ್ಟೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ನಿಂತಿದ್ದಳಲ್ಲ, ದಾಟಲು ಒಂದು ಹೆಜ್ಜೆ ಇಟ್ಟಿದ್ದರೆ? ಕಾಲು ತಾನಾಗಿ ಸಡಿಲವಾಯಿತು. ನನ್ನನ್ನು ಒಬ್ಬರು ಕೇಳಲಿ ಎಂದು ಅವಳು ಸಾಯಬೇಕಿತ್ತೇ, ಥೂ ನನ್ನ ಬಾಳೇ, ಸಾಕು, ಇದೇ ಕೊನೆ. ಹರಿಹರದ ಹೊಳೆದಂಡೆಯಲ್ಲಿ ಗಾಡಿ ನಿಲ್ಲಿಸಿದೆ, ನೀರು ಕಡಿಮೆ, ಬಂಡೆಗಳ ಮೇಲೆ ಬಟ್ಟೆ ಒಣಗುತ್ತಿವೆ, ಕಾಫಿ ತರಲು ಇಳಿಯಬೇಕು, ಇಳಿಯುತ್ತಿಲ್ಲ. ಫೋನು. ಇವರ ಹೆಸರು. ಇವರು ಹಗಲು ಹೊತ್ತಿನಲ್ಲಿ ನನಗೆ ಫೋನು ಮಾಡಿ ಯಾವ ಕಾಲವಾಯಿತು — ಹಲೋ. ಉಮಾ. ಹ್ಞಾಂ ಹೇಳ್ರಿ. ಮತ್ತೊಂದು ದಂಡ ಬಂತಲ್ಲ ಈಗ. ಬಂತು, ಕೇಳುವ ಗಳಿಗೆ ಬಂದುಬಿಟ್ಟಿತು, ಹೌದ್ರಿ, ನಾನೇ. ಆ ಕಡೆ ಗಿರಣಿಯ ಸದ್ದು, ಇವರ ಉಸಿರು, ಕೇಳಿ, ಕೇಳಿಬಿಡಿ, ಎಲ್ಲ ಹೇಳುತ್ತೇನೆ, ಆ ಹುಲ್ಲಿನ ಹೊರೆಯವಳನ್ನೂ ಹೇಳುತ್ತೇನೆ. ಅಲ್ಲ, ಎಂದರು ಇವರು, ಮೊನ್ನೆನೇ ಹೇಳ್ಬೇಕಂದಿದ್ದೆ, ಮರ್ತೆ, ಆ ಗಾಡಿ ನಿನ್ನ ಹೆಸರಿಗೇ ಮಾಡಿಸಿಬಿಡ್ತೀನಿ, ಮಾಲತೇಶಪ್ಪ ಸೈನಿಗೆ ಬರ್ತಾನೆ, ಆಮೇಲೆ ಮೆಸೇಜೆಲ್ಲ ನಿನ್ನ ಫೋನಿಗೇ ಬರ್ತಾವೆ, ನಂಗೂ ಕಿರಿಕಿರಿ ಇಲ್ಲ, ನಿಂಗೂ ಯಾರೂ ಕೇಳಂಗಿಲ್ಲ, ಆರಾಮಾಗಿ ಓಡಿಸ್ಕಂಡಿರು. ದನಿಯಲ್ಲಿ ಸಿಟ್ಟಿಲ್ಲ, ಅಕ್ಕರೆಯೇ ಇತ್ತು, ಉಡುಗೊರೆ ಕೊಟ್ಟವರ ಹಾಗೆ, ಅದೇ, ಅದಕ್ಕೇ ನನಗೆ — ಕೇಳಿಸ್ತಾ? ಕೇಳಿಸ್ತ್ರಿ. ಇಡ್ಲಾ? ಇಡ್ರಿ. ಫೋನು ತೊಡೆಯ ಮೇಲೆ, ಹೊಳೆ, ಬಟ್ಟೆ, ಯಾರೂ ಕೇಳಂಗಿಲ್ಲ, ಇನ್ನು ನನ್ನ ದಂಡ ನನಗೇ ಬರುತ್ತದೆ, ನಾನೇ ಓದಿ ನಾನೇ ಕಟ್ಟುತ್ತೇನೆ, ಯಾರೂ, ಕೆಂಚವೀರಪ್ಪನ ಮುಂದಿನ ಗಂಗಾಳ, ಹಿಂದಕ್ಕೆಳೆದ ಆ ಕೈ, ನಾ ಯಾರ ಮಕ ನೋಡ್ಕಂಡು ಇರ್ಲಿ, ಗಂಗಾಳ, ಆ ಕೈ, ಆ ಕೈ —