ಬಾಡಿಗೆ ಮಂಚದ ರೋಗಿಗಳು

"ಎದ್ದು ಕೂತ್ರೆ ಕಾಲು ಮುರೀತೀನಿ, ಮುಂಡೇದೇ. ರೋಗಿ ಅಂದ್ರೆ ರೋಗಿ ಥರ ಬಿದ್ಕೊ."

ಮುರಿಯುವುದಕ್ಕೆ ಏನೂ ಉಳಿದಿರಲಿಲ್ಲ. ಹೀಗೆ ಗದರಿದ ಆಸ್ಪತ್ರೆಯ ಛೇರ್ಮನ್ನರೇ ನಿಂತು, ಕಡ್ಡಿ ಎಂದು ಎಲ್ಲರೂ ಕರೆಯುವ ಹುಡುಗಿಯ ನೆಟ್ಟಗಿದ್ದ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿದ್ದರು. ಕಡ್ಡಿ ಇದೇ ಆಸ್ಪತ್ರೆಯ ಕಸ ಗುಡಿಸುವವಳ ಮಗಳು. ಅಮ್ಮ ಕಿವಿಯೋಲೆ ಮಾರಿ ಛೇರ್ಮನ್ನರ ನರ್ಸಿಂಗ್ ಶಾಲೆಗೇ ಸೇರಿಸಿದ್ದಳು. ಪಾಸಾದ ಮೇಲೆ ಕೆಲಸಕ್ಕಾಗಿ ಅಲೆದು ಹುಡುಗಿಯ ಚಪ್ಪಲಿ ಸವೆದದ್ದೇ ಬಂತು. ಅಕ್ಕಪಕ್ಕದ ಮಂಚಗಳಲ್ಲಿ ಜ್ವರ, ಹೊಟ್ಟೆನೋವು, ಹೃದ್ರೋಗ ಎಂದು ಮಲಗಿದ್ದವರೂ ಅವಳ ಜೊತೆ ಪಾಸಾದವರೇ.

ಶಾಲೆ ವರ್ಷವರ್ಷವೂ ಊದಿಕೊಳ್ಳುತ್ತಿತ್ತು. ಆಸ್ಪತ್ರೆಯ ಕಡೆಗೆ ಮಾತ್ರ, ಅದರ ಬಿಲ್ಲಿಗೆ ಹೆದರಿ, ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಆಸ್ಪತ್ರೆಯ ಮಂಚ ತುಂಬಿದ್ದರೆ ಮಾತ್ರ ಶಾಲೆಗೆ ಇನ್ನಷ್ಟು ಸೀಟು ಎಂದು ಸರ್ಕಾರದ ನಿಯಮ. ಅದಕ್ಕೇ ಛೇರ್ಮನ್ನರು ಮಂಚಗಳನ್ನು ಬಾಡಿಗೆಗೆ ತಂದರು, ಹುಡುಗಿಯರನ್ನು ಪುಕ್ಕಟೆ ತಂದರು. ಇವತ್ತು ಮಲಗಿದವರಿಗೆ ನಾಳೆ ಕೆಲಸ ಎಂದು ಮಾತು ಕೊಟ್ಟಿದ್ದರು.

ತಪಾಸಣೆಯ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಹೃದ್ರೋಗದವಳಿಗೆ ನಗು ತಡೆಯಲಾಗಲಿಲ್ಲ. ಕಾಯಿಲೆ ತಲೆಗೇರಿದೆ ಎಂದು ಛೇರ್ಮನ್ನರು ಸಮಜಾಯಿಷಿ ಹೇಳಿದರು. ಸಾಹೇಬರು ಅಯ್ಯೋ ಪಾಪ ಎಂದು ಮೇಲಿನ ಮಹಡಿಗೆ ಊಟಕ್ಕೆ ಹತ್ತಿದರು. ಸೀಟಿನ ಕಾಗದಕ್ಕೆ ಸಹಿ ಊಟವಾದ ಮೇಲೆ.

ಛೇರ್ಮನ್ನರು ದುಡುದುಡು ಇಳಿದು ಬಂದು, ಮಂಚ ಒಯ್ಯುವ ಗಾಡಿ ಕಾಯುತ್ತಿದೆ, ಎಲ್ಲರೂ ಹಿಂಬಾಗಿಲಿನಿಂದ ತೊಲಗಿ ಎಂದರು. ಕಡ್ಡಿ ಕೆಲಸದ ಮಾತೆತ್ತಿದಳು.

"ರೋಗಿಗಳೇ ಇಲ್ಲದ ಆಸ್ಪತ್ರೇಲಿ ನರ್ಸ್‌ಗಳನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಕಸದವಳ ಮಗಳನ್ನ ಮಂಚದ ಮೇಲೆ ಮಲಗಿಸಿದ್ದೇ ಹೆಚ್ಚಾಯ್ತು."

ಕಡ್ಡಿ ಪಕ್ಕಕ್ಕೆ ತಿರುಗಿದಳು. ಮಂಚದ ಬಳಿ ಗುಡಿಸುತ್ತಿದ್ದ ಅಮ್ಮನ ಬೋಳು ಕಿವಿ ಕಣ್ಣಿಗೆ ಬಿತ್ತು. ಹೊದಿಕೆಯನ್ನು ಗಂಟಲವರೆಗೆ ಎಳೆದುಕೊಂಡಳು.

"ರೋಗಿಗಳು ಇದೀವಲ್ಲ ಸಾರ್. ಮೂಳೆ ಕೂಡೋತನಕ ನಾನು ಏಳಲ್ಲ."

ಹೊಟ್ಟೆನೋವಿನವಳು ಮುಲುಗಿದಳು. ಹೃದ್ರೋಗದವಳು ದನಿಗೂಡಿಸಿದಳು. ಜ್ವರದವಳಂತೂ ಮಹಡಿಗೆ ಕೇಳುವ ಹಾಗೆ ನರ್ಸ್, ನರ್ಸ್ ಎಂದು ಬಾಯಿ ಬಡಿದುಕೊಂಡಳು. ಮೇಲೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಛೇರ್ಮನ್ನರು ಒಬ್ಬೊಬ್ಬಳ ಮಂಚದ ಮುಂದೂ ಕೈಮುಗಿಯತೊಡಗಿದರು.

ಅಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಮಗಳ ಮಂಚದಡಿಯಿಂದ ಬೆಡ್‌ಪ್ಯಾನ್ ಎಳೆದು, ಛೇರ್ಮನ್ನರ ಮುಗಿದ ಕೈಗಳನ್ನು ಬಿಡಿಸಿ ಅವುಗಳಲ್ಲಿ ಅದನ್ನಿಟ್ಟಳು.

"ಹಿಡ್ಕೊಳ್ಳಿ ಸಾರ್. ನರ್ಸ್ ಬೇಡ ಅಂದವರು ನೀವೇ ತಾನೇ."